ಮನೆಯಲ್ಲಿ ಡ್ರೈ ಪ್ರಾಕ್ಟೀಸ್: ಗೋಡೆಗೆ ಬಿದ್ದ ಪೆಲೆಟ್ ಆದ ಮೇಲೆ

ನಾನು 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತೇನೆ. ಕೆಲಸದ ಮಧ್ಯೆ ರೇಂಜ್‌ಗೆ ಹೋಗಲು ಆಗುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ಬೆಂಗಳೂರಿನ ಮನೆಯಲ್ಲೇ ಡ್ರೈ ಪ್ರಾಕ್ಟೀಸ್. ಪೆಲೆಟ್ (ಏರ್ ಪಿಸ್ತೂಲ್‌ನ ಪುಟ್ಟ ಗುಂಡು) ಇಲ್ಲ, ಗಾಳಿ ಬಿಡುವುದಿಲ್ಲ, ಟ್ರಿಗರ್ ಮಾತ್ರ ಒತ್ತುವುದು.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಒಂದು ಭಾನುವಾರ ರೇಂಜ್‌ನಿಂದ ಹೊರಡುವ ಗಡಿಬಿಡಿಯಲ್ಲಿ ನಳಿಗೆಯೊಳಗೆ ಒಂದು ಪೆಲೆಟ್ ಉಳಿದುಹೋಗಿತ್ತು. ನಳಿಗೆ ಖಾಲಿ ಅಂತ ತೋರಿಸುವ ಬಣ್ಣದ ದಾರ, ಅಂದರೆ ಸೇಫ್ಟಿ ಫ್ಲ್ಯಾಗ್, ತೂರಿಸಿರಲಿಲ್ಲ, ತೂರಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಸಂಜೆ ಮನೆಯಲ್ಲಿ ಪಿಸ್ತೂಲನ್ನು ಡ್ರೈ ಫೈರ್‌ಗೆ (ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಸ್ಥಿತಿಗೆ) ಹಾಕಿದ್ದೇನೆ ಅಂದುಕೊಂಡು, ಹಾಕದೆಯೇ, ಟ್ರಿಗರ್ ಒತ್ತಿದೆ. 4.5 ಮಿಲಿಮೀಟರ್‌ನ ಪೆಲೆಟ್ ಗೋಡೆಯ ಗಾರೆ ಕಿತ್ತು ನೆಲಕ್ಕೆ ಬಿತ್ತು. ಆ ಗೋಡೆಯ ಪಕ್ಕದಲ್ಲೇ ಬಾಗಿಲು, ಬಾಗಿಲಿನ ಆಚೆ ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೂಡಿಗೆರೆ ಕಡೆಯ ನಮ್ಮ ಅಜ್ಜನ ಹತ್ತಿರ ಜೋಡಿ ನಳಿಗೆಯ ಕೋವಿ ಇತ್ತು. ಯಾರ ಕೈಗೆ ಕೊಡುವಾಗಲೂ ಮುರಿದೇ, ಅಂದರೆ ನಳಿಗೆ ಬಗ್ಗಿಸಿ ತೆರೆದೇ, ಕೊಡುತ್ತಿದ್ದರು. ತಗೊಂಡವರೂ ಮತ್ತೆ ನಳಿಗೆ ನೋಡಲೇಬೇಕು. "ಈಗ ತಾನೆ ನೋಡಿದ್ವಲ್ಲ ಅಜ್ಜ" ಅಂದರೆ, "ನೀನು ನೋಡಿದ್ದು ನಿನಗಾಯ್ತು, ಅವನು ನೋಡಿದ್ದು ಅವನಿಗೆ ಕಣೋ" ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಇಷ್ಟು ನೋಡಿ ಬೆಳೆದವನು ನಾನು, ಆದರೂ ಮರೆತೆ.

ಈಗ ಪೆಲೆಟ್ ಡಬ್ಬಿ ಬೇರೆ ಕೋಣೆಯ ಕಪಾಟಿನಲ್ಲಿ, ಬೀಗ ಹಾಕಿ ಇಡುತ್ತೇನೆ. ಪಿಸ್ತೂಲ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಲಿವರ್ ಎತ್ತಿ, ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ದಾರ ತೂರಿಸಿ, ಆ ತುದಿಯಲ್ಲಿ ಹೊರಗೆ ಬಂತಾ ಅಂತ ಕಣ್ಣಾರೆ ನೋಡುತ್ತೇನೆ. ಆಮೇಲೆ ಡ್ರೈ ಫೈರ್‌ಗೆ ಹಾಕುವುದು. ಗುರಿ ಇಡುವುದು ಕಾಂಕ್ರೀಟ್ ಕಂಬವಿರುವ ಮೂಲೆಗೆ ಮಾತ್ರ, ಅದರ ಆಚೆ ಯಾರೂ ಓಡಾಡುವುದಿಲ್ಲ. ಬಾಗಿಲಿಗೆ ಚಿಲಕ, ಫೋನ್ ಹೊರಗೆ. ಮಧ್ಯೆ ಯಾರಾದರೂ ಕರೆದು ಎದ್ದು ಹೋದರೆ, ವಾಪಸ್ ಬಂದ ಮೇಲೆ ದಾರದಿಂದಲೇ ಮತ್ತೆ ಶುರು.

ಎಲ್ಲ ಬಂದೂಕಿಗೂ ಇದು ನಡೆಯುವುದಿಲ್ಲ. ಸ್ಪ್ರಿಂಗ್ ಏರ್‌ಗನ್ನನ್ನು ಪೆಲೆಟ್ ಇಲ್ಲದೆ ಹೊಡೆದರೆ ಒಳಗಿನ ಸೀಲ್ ಹಾಳಾಗುತ್ತದೆ. .22 ಬೋರ್‌ನ ಬಂದೂಕು ಇರುವವರು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಹಾಕಿಕೊಳ್ಳಿ, ಇಲ್ಲದಿದ್ದರೆ ಫೈರಿಂಗ್ ಪಿನ್ ಹೋಗಿ ಚೇಂಬರ್ ಅಂಚಿಗೆ ಬಡಿಯಬಹುದು.

ಮೊದಲ ಹತ್ತು ನಿಮಿಷ ಖಾಲಿ ಬಿಳಿ ಗೋಡೆ. ಗುರಿ ಇಲ್ಲದಿದ್ದಾಗ ಕಣ್ಣು ತಾನಾಗಿ ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಗುಬುಟು) ಮೇಲೆ ನಿಲ್ಲುತ್ತದೆ, ಟ್ರಿಗರ್ ಒತ್ತುವಾಗ ಅದು ಯಾವ ಕಡೆ ಎಳೆಯುತ್ತದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ನನ್ನದು ಎಡಕ್ಕೆ, ಸ್ವಲ್ಪ ಕೆಳಕ್ಕೆ ಹೋಗುತ್ತಿತ್ತು. ರೇಂಜ್‌ನಲ್ಲಿ ತಿಂಗಳುಗಟ್ಟಲೆ ಸೈಟ್ ತಿರುಗಿಸಿದ್ದೇ ಬಂತು, ತಪ್ಪು ಬೆರಳಿನದು ಅಂತ ತೋರಿಸಿದ್ದು ಈ ಗೋಡೆ. ಆಮೇಲೆ ಗುರಿ. ನಮ್ಮ ಕೋಣೆಯಲ್ಲಿ ಸಿಗುವುದು 5 ಮೀಟರ್, ಹಾಗಾಗಿ ರೇಂಜ್‌ನ ಗುರಿಯಲ್ಲಿರುವ 59.5 ಮಿಲಿಮೀಟರ್‌ನ ಕಪ್ಪು ವೃತ್ತವನ್ನು ಸುಮಾರು 30ಕ್ಕೆ ಇಳಿಸಿ ಪ್ರಿಂಟ್ ತೆಗೆದೆ. ರೇಂಜ್‌ನಲ್ಲಿ ಗುರಿಯ ಎತ್ತರ 1.4 ಮೀಟರ್, ನನ್ನ ಕಣ್ಣಿನ ಎತ್ತರ 1.6. ಅದಕ್ಕೇ ಮನೆಯಲ್ಲಿ 1.5ಕ್ಕೆ ಅಂಟಿಸಿದ್ದೇನೆ, ಆಗ ಕೈ ಅದೇ ಕೋನದಲ್ಲಿ ನಿಲ್ಲುತ್ತದೆ. ಹತ್ತು ಸೆಕೆಂಡ್ ಒಳಗೆ ಟ್ರಿಗರ್ ಒತ್ತದಿದ್ದರೆ ಕೈ ಇಳಿಸುತ್ತೇನೆ. ಒತ್ತಿದ ಮೇಲೂ ಎರಡು ಸೆಕೆಂಡ್ ಸೈಟ್ ನೋಡುತ್ತಲೇ ಇರಬೇಕು. ಮೂವತ್ತು ಸಲ ಸಾಕು, ಜಾಸ್ತಿ ಮಾಡಿದರೆ ಭುಜ ಸೋತು ತಪ್ಪೇ ಅಭ್ಯಾಸವಾಗುತ್ತದೆ.

ನನಗೆ ಜಾಸ್ತಿ ಭಯ ಇರುವುದು ಮುಗಿಸುವ ಹೊತ್ತಿನದು. ಎಲ್ಲ ಎತ್ತಿಟ್ಟ ಮೇಲೆ ಇನ್ನೊಂದೇ ಒಂದು ಸಲ ನೋಡೋಣ ಅನ್ನಿಸುತ್ತದಲ್ವಾ, ಆಗ ದಾರವೂ ಇಲ್ಲ, ಗಮನವೂ ಇಲ್ಲ. ಅದಕ್ಕೆ ಮೊದಲು ಗುರಿಯ ಕಾಗದ ಕಿತ್ತು ಮಡಚುತ್ತೇನೆ, ದಾರ ಹಾಕಿ ಪೆಟ್ಟಿಗೆಗೆ ಬೀಗ ಜಡಿದು, "ಮುಗೀತು" ಅಂತ ಜೋರಾಗಿ ಹೇಳುತ್ತೇನೆ. ಅಮ್ಮ ಅದನ್ನು ಕೇಳಿಸಿಕೊಂಡ ಮೇಲೆಯೇ ಆ ಬಾಗಿಲ ಹತ್ತಿರ ಬರುವುದು.