ಕುಂಡದಲ್ಲೇ ಜೊಂಡಿನ ತುಕ್ಕು: ನನ್ನ ಅನುಭವ

ಪುಕ್ಸೀನಿಯಾ ಫ್ರಾಗ್ಮೈಟಿಸ್ ಅಂದರೆ ಜೊಂಡಿಗೆ ತುಕ್ಕು ರೋಗ ತರುವ ಶಿಲೀಂಧ್ರ. ಅದರ ಬದುಕಿನ ಒಂದು ಭಾಗ ಜೊಂಡಿನ ಮೇಲೆ, ಇನ್ನೊಂದು ರೂಮೆಕ್ಸ್ ಎಂಬ ಗಿಡದ ಮೇಲೆ. ಈ ಪೂರ್ತಿ ಚಕ್ರವನ್ನು ಮನೆ ಕುಂಡದಲ್ಲಿ ತಿರುಗಿಸಲು ಆಗಲ್ಲ ಅಂದವರೇ ಜಾಸ್ತಿ. ಈಗ ನನ್ನ ರೂಮೆಕ್ಸ್ ಎಲೆಯ ಅಡಿಯಲ್ಲಿ ಬಿಳಿ ಬಟ್ಟಲುಗಳು ಒತ್ತಾಗಿ ಎದ್ದಿವೆ. ಅಲ್ಲಿಂದ ಜೊಂಡಿಗೂ ತುಕ್ಕು ಹತ್ತಿದೆ.

ಮೊದಲೆಲ್ಲ ಸೋತದ್ದು ಟೀಲಿಯೋಸ್ಪೋರ್ (ಚಳಿಗಾಲ ಕಳೆಯುವ ದಪ್ಪ ಗೋಡೆಯ ಬೀಜಕ) ಮೊಳೆಸುವ ಹಂತದಲ್ಲೇ. ಆ ಬೀಜಕಗಳಿರುವ ಕಪ್ಪು ಗುಳ್ಳೆಯ ಒಣ ಜೊಂಡಿನ ಎಲೆಗಳನ್ನು ಫ್ರಿಜ್‌ನಲ್ಲಿಟ್ಟರೆ ಸಾಕು ಅಂದರು. ಮೂರ್ನಾಲ್ಕು ತಿಂಗಳು ಇಟ್ಟು ಅಗರ್ (ಪ್ರಯೋಗಕ್ಕೆ ಬಳಸುವ ಜೆಲ್ಲಿ) ಮೇಲೆ ಹಾಕಿದರೆ ನೂರಕ್ಕೆ ಒಂದೆರಡು ಮೊಳೆತವು. ಆಮೇಲೆ ತಂಪು ಹಿಡಿತದ ಕ್ಯಾಬಿನೆಟ್ ಬಾಡಿಗೆಗೆ ತಂದೆ. ಬಾಡಿಗೆ, ಕರೆಂಟು ಸೇರಿ ಒಳ್ಳೆಯ ಮೈಕ್ರೋಸ್ಕೋಪಿನ ಅರ್ಧ ದುಡ್ಡು ಹೋಯಿತು. ಎಲೆಗೆ ಬೂಷ್ಟು ಬಂತು, ಅಷ್ಟೇ.

ಗೆದ್ದದ್ದು ಬಲೆ ಚೀಲದಿಂದ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಚಳಿಗಾಲ ಪೂರ್ತಿ ಎಲೆಗಳನ್ನು ಹೊರಗೇ ನೇತುಹಾಕಿದೆ. ಬರೀ ತಂಪು ಸಾಲದು, ನೆನೆದು ಒಣಗಿ ಮತ್ತೆ ನೆನೆಯಬೇಕು. ರೂಮೆಕ್ಸ್ ಚಿಗುರಿದಾಗ ಎಲೆಗಳನ್ನು ರಾತ್ರಿಯೆಲ್ಲ ನೆನೆಸಿ, ಗಿಡದ ಮೇಲೆ ಕಟ್ಟಿ, ಎರಡು ರಾತ್ರಿ ಪ್ಲಾಸ್ಟಿಕ್ ಮುಚ್ಚಿದೆ. ಅದಕ್ಕೂ ಮುಂಚಿನ ವಾರದ ನೀರಿನ ಲೆಕ್ಕವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಫಸಲು ಬಂದದ್ದೇ ಅದರಿಂದ.

ಹತ್ತು ದಿನದ ಹೊತ್ತಿಗೆ ಕೆಂಪು ಮಚ್ಚೆ. ಮಚ್ಚೆಯ ಮೇಲ್ಭಾಗದಲ್ಲಿ ಸ್ಪರ್ಮಗೋನಿಯಂನ (ಶಿಲೀಂಧ್ರದ ಕೂಡುವಿಕೆಗೆ ಬೇಕಾದ ಕಣಗಳನ್ನು ಹೊರಬಿಡುವ ಅಂಗ) ಸಣ್ಣ ಚುಕ್ಕೆಗಳು, ಅವುಗಳ ತುದಿಯಲ್ಲಿ ಸಿಹಿ ಹನಿ. ಇಲ್ಲಿ ಒಂದು ಅಡ್ಡ ಪ್ರಯೋಗ ಮಾಡಿದೆ. ದೂರದೂರ ಇದ್ದ ಒಂಟಿ ಮಚ್ಚೆಗಳಿಗೆ ಹುಳ ಕೂರದಂತೆ ಪರದೆ ಕಟ್ಟಿದೆ. ಕೆಲವಕ್ಕೆ ಬೇರೆ ಮಚ್ಚೆಯ ಹನಿಯನ್ನು ಕುಂಚದಿಂದ ಹಚ್ಚಿದೆ, ಕೆಲವನ್ನು ಹಾಗೇ ಬಿಟ್ಟೆ. ಬಿಟ್ಟವು ಹೆಚ್ಚುಕಡಿಮೆ ಎಲ್ಲಾ ಬರಡು. ಹಚ್ಚಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟಲು ಕಟ್ಟಿದವು. ತನಗೆ ಜೋಡಿಯಾಗುವ ಬಗೆಯ ಹನಿ ಸಿಗದೆ ಏಸಿಯಂ (ಈ ಬೀಜಕದ ಬಟ್ಟಲು) ಆಗಲ್ಲ ಅಲ್ವಾ, ಅದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ.

ಇದು ಪುಕ್ಸೀನಿಯಾ ಮ್ಯಾಗ್ನೂಸಿಯಾನಾ ಇರಬೇಕು ಅಂತ ಒಬ್ಬರು ಪಟ್ಟು ಹಿಡಿದರು. ಅದು ಜೊಂಡಿನದೇ ಇನ್ನೊಂದು ತುಕ್ಕು, ಬಟ್ಟಲು ಕಟ್ಟುವುದು ರನನ್‌ಕ್ಯುಲಸ್ ಗಿಡದ ಮೇಲೆ. ಅದೇ ಎಲೆಗಳನ್ನು ರನನ್‌ಕ್ಯುಲಸ್ ಮೇಲೂ ಕಟ್ಟಿದೆ. ಏನೂ ಬರಲಿಲ್ಲ. ಟೀಲಿಯೋಸ್ಪೋರ್‌ನ ತೊಟ್ಟು ಬೀಜಕದ ಎರಡು ಮೂರು ಪಟ್ಟು ಉದ್ದ. ಯುರೆಡಿಯಂನಲ್ಲಿ (ಜೊಂಡಿನ ಮೇಲಿನ ಕಂದು ಗುಳ್ಳೆ) ಪ್ಯಾರಾಫೈಸಿಸ್, ಅಂದರೆ ಬೀಜಕಗಳ ನಡುವಿನ ಬರಡು ಎಳೆಗಳು, ಇಲ್ಲ; ಮ್ಯಾಗ್ನೂಸಿಯಾನಾದಲ್ಲಿ ಇರುತ್ತವೆ. ಚರ್ಚೆ ಅಲ್ಲಿಗೆ ನಿಂತಿತು.

ಬಟ್ಟಲಿನ ಪುಡಿಯನ್ನು ಜೊಂಡಿಗೆ ಹಚ್ಚುವುದು ಸುಲಭ. ಬಲಿತ ಎಲೆ ಬೇಡ. ಕಾಂಡ ಕತ್ತರಿಸಿ, ಹೊಸದಾಗಿ ಬಂದ ಚಿಗುರಿಗೆ ಹಚ್ಚಿ, ಒಂದು ರಾತ್ರಿ ತೇವದಲ್ಲಿಡಿ. ನನ್ನಲ್ಲಿ ಸುಮಾರು ಎರಡು ವಾರಕ್ಕೆ ದಾಲ್ಚಿನ್ನಿ ಬಣ್ಣದ ಗುಳ್ಳೆಗಳು ಒಡೆದವು. ಮುಂದಿನ ಸಲ ರೂಬಾರ್ಬ್ ಮೇಲೂ ಕಟ್ಟಿ ನೋಡುತ್ತೇನೆ. ಅದೂ ಇದಕ್ಕೆ ಆಸರೆ ಗಿಡವೇ.