ಮುಕ್ತಿನಾಥದ ದಾರಿಯಲ್ಲಿ ನನ್ನ ಬಳಕೆಗೆ ಬಂದ ನೇಪಾಳಿ

ಹಿಂದಿ ಬಂದರೆ ನೇಪಾಳದಲ್ಲಿ ಮಾತಿಗೆ ತೊಂದರೆಯಿಲ್ಲ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಕಠ್ಮಂಡುವಿನ ಅಂಗಡಿಬೀದಿಗಳ ಮಟ್ಟಿಗೆ ಅದು ನಿಜವೇ. ಪೋಖರಾದಿಂದ ಬೇನಿಯನ್ನು ದಾಟಿ ಕಾಳಿಗಂಡಕಿಯ ಕಣಿವೆಯಲ್ಲಿ ಜೋಮ್‌ಸೋಮ್‌ನತ್ತ ಏರುತ್ತಾ ಹೋದಂತೆ, ವಸತಿಗೃಹದ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತ ಹೆಂಗಸಿಗೆ ನಮ್ಮ ಹಿಂದಿ ಅರ್ಥವಾದರೂ ಅವಳ ಉತ್ತರ ನಮಗೆ ಅರ್ಥವಾಗಬೇಕಲ್ಲ! ವಯಸ್ಸಾದ ಅಮ್ಮನನ್ನು ಮುಕ್ತಿನಾಥ ದೇವಸ್ಥಾನಕ್ಕೆ ಕರೆದೊಯ್ಯುವ ಜವಾಬ್ದಾರಿ ನನ್ನ ಮೇಲಿದ್ದುದರಿಂದ, ಬೆಂಗಳೂರಿನಲ್ಲಿ ನಮ್ಮ ಕಟ್ಟಡದ ಕಾವಲಿಗಿದ್ದ ನೇಪಾಳಿ ಹಿರಿಯರೊಬ್ಬರ ಬಳಿ ಸಂಜೆ ಹೊತ್ತು ಕುಳಿತು ಬೇಕಾದಷ್ಟನ್ನು ಕಲಿತು, ಕನ್ನಡ ಲಿಪಿಯಲ್ಲೇ ಬರೆದುಕೊಂಡು ಹೊರಟೆ.

ಪಾನಿ, ದೂಧ್, ದಾಲ್ ಮುಂತಾದ ವಸ್ತುಗಳ ಹೆಸರುಗಳಿಗಾಗಿ ನಾನು ಹೆಚ್ಚು ಹೊತ್ತು ವ್ಯಯಿಸಲಿಲ್ಲ. ಹಿಂದಿಯ ಅಲ್ಪಸ್ವಲ್ಪ ಪರಿಚಯವಿದ್ದವರಿಗೂ ಅವು ತಾವಾಗಿಯೇ ಒದಗುತ್ತವೆ. ಕಲಿಯಬೇಕಾದದ್ದು ಮಾತಿನ ಕೊನೆಯಲ್ಲಿ ಬರುವ ಕ್ರಿಯಾಪದಗಳನ್ನು. 'ಛ' ಎಂದರೆ ಇದೆ, 'ಛೈನ' ಎಂದರೆ ಇಲ್ಲ. 'ಕೋಠಾ ಛ?' ಎಂದರೆ ಕೋಣೆ ಇದೆಯೇ ಎಂದು ಕೇಳಿದಂತೆ. 'ತಾತೊ ಪಾನಿ ಪಾಇಂಛ?' ಎಂದರೆ ಬಿಸಿನೀರು ಸಿಗುತ್ತದೆಯೇ ಎಂದು. ಒಪ್ಪಿಗೆಗೆ 'ಹುಂಛ', ಆಗುವುದಿಲ್ಲ ಎನ್ನಲು 'ಹುಂದೈನ'. ಹಿಂದಿಯವರಂತೆ ಕೊನೆಯ ಅಕಾರವನ್ನು ನುಂಗದೆ 'ಛ' ಎಂದು ಪೂರ್ತಿಯಾಗಿ ಉಚ್ಚರಿಸಬೇಕಾದುದರಿಂದ ಈ ವಿಷಯದಲ್ಲಿ ಕನ್ನಡದ ನಾಲಿಗೆಗೆ ಅನುಕೂಲವೇ ಹೆಚ್ಚು.

ಕೇಳಿಕೊಳ್ಳುವಾಗ ಧಾತುವಿಗೆ 'ನುಸ್' ಸೇರಿಸಿದರೆ ಮರ್ಯಾದೆಯ ರೂಪ ಸಿದ್ಧವಾಗುತ್ತದೆ: 'ದಿನುಸ್' ಅಂದರೆ ಕೊಡಿ, 'ರೋಕ್ನುಸ್' ಅಂದರೆ ನಿಲ್ಲಿಸಿ, 'ಹಾಲ್ನುಸ್' ಅಂದರೆ ಹಾಕಿ. ಬರವಣಿಗೆಯಲ್ಲಿ ಇದು 'ನುಹೋಸ್' ಎಂದಿರುತ್ತದೆ. ಬೇಡವೆನ್ನಲು ಮುಂದುಗಡೆ ಒಂದು 'ನ' ಹಚ್ಚಿದರಾಯಿತು. ಅಮ್ಮನಿಗಾಗಿ ನಾನು ದಿನಕ್ಕೆರಡು ಬಾರಿಯಾದರೂ ಹೇಳುತ್ತಿದ್ದ ವಾಕ್ಯ 'ಪ್ಯಾಜ್ ಲಸುನ್ ನಹಾಲ್ನುಸ್', ಅಂದರೆ ಈರುಳ್ಳಿ ಬೆಳ್ಳುಳ್ಳಿ ಹಾಕಬೇಡಿ. ಅದೇ 'ನ' ಕೊನೆಗೆ ಬಂದರೆ ನಿಷೇಧ ಹೋಗಿ ವಿನಂತಿಯಾಗುತ್ತದೆ. 'ಎಕ್‌ಛಿನ್ ರೋಕ್ನುಸ್ ನ' ಎಂದರೆ ಒಂದು ಕ್ಷಣ ನಿಲ್ಲಿಸಿ ದಯವಿಟ್ಟು ಎಂಬ ಧಾಟಿ. ಮಾಂಸ ತಿನ್ನುವುದಿಲ್ಲ ಎನ್ನಲು 'ಮಾಸು ಖಾನ್ನ' ಸಾಕು, ಆದರೆ ಮೊಟ್ಟೆಗೆ ಅಲ್ಲಿ 'ಫುಲ್' ಎಂಬ ಹೆಸರೂ ಇದೆ ಎಂಬುದನ್ನು ಸಸ್ಯಾಹಾರಿಗಳು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಅಣ್ಣ, ಅಕ್ಕ ಎಂದು ಅಪರಿಚಿತರನ್ನೂ ಕರೆಯುವಂತೆ ಅಲ್ಲಿ 'ದಾಯ್', 'ದಿದಿ' ಎನ್ನುತ್ತಾರೆ. ಕಿರಿಯರಾದರೆ 'ಭಾಯ್', 'ಬಹಿನಿ'. ಅಂಗಡಿಯವನು 'ಸಾಹುಜಿ', ಅಂಗಡಿಯ ಯಜಮಾನಿ 'ಸಾಹುನಿ', ವಾಹನ ಚಾಲಕ 'ಗುರುಜಿ'. ಈ ಕೊನೆಯದನ್ನು ನಾನು ಮೊದಲು ನಂಬಿರಲಿಲ್ಲ, ಆದರೆ ಬೇನಿಯ ಆಚೆ ಪ್ರಪಾತದ ಅಂಚಿನಲ್ಲಿ ಜೀಪು ತಿರುಗಿಸುವುದನ್ನು ಕಂಡ ಮೇಲೆ ಆ ಬಿರುದು ನ್ಯಾಯವಾದದ್ದೇ ಎನಿಸಿತು. ನೀವು ಎನ್ನಲು 'ತಪಾಈಂ' ಒಂದನ್ನೇ ಬಳಸಿದೆ. 'ತಿಮಿ' ಸಲುಗೆಯದು, 'ತಂ' ಏಕವಚನದ್ದು, ಪ್ರವಾಸಿಗೆ ಇವೆರಡೂ ಬೇಡ.

ಊಟದ ವೇಳೆಗೆ ಬೇಕಾದ ಮಾತುಗಳನ್ನು ಮಾತ್ರ ಮೊದಲೇ ಚೆನ್ನಾಗಿ ರೂಢಿಸಿಕೊಂಡಿರಬೇಕು. ಜೋಮ್‌ಸೋಮ್‌ನಲ್ಲಿ ನಾವು ತಂಗಿದ್ದ ಕಡೆ ದಾಲ್ ಭಾತ್ ತಟ್ಟೆ ಅರ್ಧ ಖಾಲಿಯಾಗುತ್ತಿದ್ದಂತೆಯೇ ಯಜಮಾನಿ ಸೌಟು ಹಿಡಿದು ಬಂದು 'ಥಪೌಂ?' ಎಂದು ಕೇಳಿದರು, ಅಂದರೆ ಇನ್ನಷ್ಟು ಬಡಿಸಲೇ ಎಂದು. ಅಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು 'ಬೇಡಮ್ಮಾ' ಎಂದರೂ ಅನ್ನ ಬೀಳುವುದು ನಿಲ್ಲಲಿಲ್ಲ. 'ಪುಗ್ಯೊ ದಿದಿ, ಪುಗ್ಯೊ' ಎಂದು ನಾನು ಹೇಳಿದ ಮೇಲೆ ಸೌಟು ಹಿಂದೆ ಸರಿಯಿತು. ಸಾಕು ಎನ್ನಲು 'ಪುಗ್ಯೊ', ಸ್ವಲ್ಪವೇ ಬೇಕಿದ್ದರೆ 'ಅಲಿಕತಿ ದಿನುಸ್', ರುಚಿಯಾಗಿದೆ ಎನ್ನಲು 'ಮೀಠೊ ಛ'. ಬೆಳಗ್ಗೆ ಎದುರಾದವರು 'ಖಾನಾ ಖಾನುಭಯೊ?' ಎಂದರೆ ಅದು ನಮ್ಮ 'ಊಟ ಆಯ್ತಾ?' ಇದ್ದಂತೆ, 'ಖಾಎಂ' ಎಂದು ಮುಂದೆ ನಡೆಯಬಹುದು.

ಹಣದ ವಿಷಯದಲ್ಲಿ 'ಕತಿ?' ಎಂದರೆ ಎಷ್ಟು, 'ಅಲಿ ಮಿಲಾಉನುಸ್ ನ' ಎಂದರೆ ಸ್ವಲ್ಪ ಹೊಂದಿಸಿಕೊಡಿ. ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ಸ್ಥಿರ ದರ 1993ರಿಂದಲೂ ಇರುವುದರಿಂದ, ಹೇಳಿದ ಬೆಲೆ ಯಾವ ನೋಟಿನದ್ದು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಲೇಸು. ಭಾರತದ ಹಣವನ್ನು ಅವರು 'ಆಯ್‌ಸಿ' ಎನ್ನುತ್ತಾರೆ. 'ನೇಪಾಲಿ ಕಿ ಆಯ್‌ಸಿ?' ಎಂದು ಕೇಳಿದರೆ ಮುಗಿಯಿತು. ಚಿಲ್ಲರೆಗೆ 'ಖುದ್ರಾ'.

ಮುಕ್ತಿನಾಥ ಸಮುದ್ರಮಟ್ಟದಿಂದ 3,700 ಮೀಟರಿಗೂ ಮೇಲಿದೆ. ಹೀಗಾಗಿ ನಮ್ಮ ಗುಂಪಿನ ಎಲ್ಲರಿಗೂ ಮೂರು ಮಾತುಗಳನ್ನು ಬಾಯಿಪಾಠ ಮಾಡಿಸಿದ್ದೆ. ಒಂದು, 'ಟಾಉಕೊ ದುಖ್ಯೊ', ತಲೆ ನೋಯುತ್ತಿದೆ. ಇನ್ನೊಂದು, 'ಲೇಕ್ ಲಾಗ್ಯೊ', ಎತ್ತರದ ಬಾಧೆ ತಟ್ಟಿದೆ. ಮತ್ತೊಂದು 'ಬಿಸ್ತಾರೈ', ನಿಧಾನವಾಗಿ. ಜೀಪು ನಿಂತಲ್ಲಿಂದ ದೇವಸ್ಥಾನಕ್ಕೆ ಏರುವಾಗ ಅಮ್ಮನ ಪಕ್ಕದಲ್ಲಿ ನಡೆಯುತ್ತಿದ್ದ ಸ್ಥಳೀಯ ಹುಡುಗ ತಾನಾಗಿಯೇ 'ಬಿಸ್ತಾರೈ ಆಮಾ, ಬಿಸ್ತಾರೈ' ಎನ್ನುತ್ತಿದ್ದ. ಎರಡನೆಯ ಮಾತು ಕಿವಿಗೆ ಬಿದ್ದ ಕೂಡಲೇ ಚಾಲಕರು ಗಾಡಿಯನ್ನು ಕೆಳಗಿಳಿಸಲು ಸಿದ್ಧರಾಗುತ್ತಾರೆಂದು ಬೆಂಗಳೂರಿನಲ್ಲೇ ನನಗೆ ಹೇಳಿಕೊಟ್ಟಿದ್ದರು. ಅದನ್ನು ಬಳಸುವ ಸಂದರ್ಭ ನಮಗೆ ಬರಲಿಲ್ಲ.