ದೇಣಿಗೆಯ ಮೇಲಿನ ಕಡಿತ: ಪ್ರಚಾರವೊಂದರ ಖಜಾಂಚಿಯಾಗಿ ನನ್ನ ಅನುಭವ

ಚುನಾವಣಾ ಪ್ರಚಾರವೊಂದರ ಲೆಕ್ಕಪತ್ರದ ಹೊಣೆ ನನ್ನ ಹೆಗಲಿಗೆ ಬಂದಾಗ, ಆನ್‌ಲೈನ್ ದೇಣಿಗೆಯ ಶುಲ್ಕದ ಬಗ್ಗೆ ನನಗಿದ್ದ ತಿಳಿವಳಿಕೆ ಒಪ್ಪಂದ ಪತ್ರದ ಒಂದು ಸಾಲಿನಷ್ಟೇ ಆಗಿತ್ತು: ಪ್ರತಿ ದೇಣಿಗೆಯ ಮೇಲೆ ಶೇ. 2.5, ಜೊತೆಗೆ ನಿಗದಿತ ಮೊತ್ತ 3. (ಲೆಕ್ಕವನ್ನು ಯಾವ ನಾಣ್ಯದಲ್ಲಿ ಹಾಕಿದರೂ ಫಲ ಒಂದೇ ಆದ್ದರಿಂದ ಇಲ್ಲಿ ಬರೀ ಅಂಕಿಗಳನ್ನೇ ಕೊಡುತ್ತೇನೆ.) ಸಭೆಯಲ್ಲಿ ಯಾರಾದರೂ ಕೇಳಿದರೆ "ಎರಡೂವರೆ ಪರ್ಸೆಂಟ್ ಹೋಗುತ್ತದೆ" ಎಂದು ಹೇಳಿ ಮುಂದಿನ ವಿಷಯಕ್ಕೆ ಹೊರಳುತ್ತಿದ್ದೆ. ಆ 3 ಎಂಬ ಅಂಕಿಯನ್ನು ಕಣ್ಣಿನಿಂದ ಓದಿದ್ದೆನೇ ಹೊರತು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೂ ದೇಣಿಗೆ ಪಟ್ಟಿಗೂ ತಾಳೆ ನೋಡಲು ಕುಳಿತಾಗ ವಿಷಯ ಬಯಲಾಯಿತು. ದೇಣಿಗೆ ಕೊಟ್ಟವರು 1,200 ಮಂದಿ. ಕೊಟ್ಟ ಒಟ್ಟು ಮೊತ್ತ 96,000. ಖಾತೆಗೆ ಬಂದದ್ದು 90,000. ಶೇಕಡಾವಾರು ಶುಲ್ಕ 2,400 ಮಾತ್ರ ಆಗಿದ್ದರೆ, ನಿಗದಿತ ಮೊತ್ತವೇ 1,200 ಸಲ ಕಡಿತವಾಗಿ 3,600 ಆಗಿತ್ತು. ನಾನು ಎರಡೂವರೆ ಎಂದು ಹೇಳಿಕೊಂಡು ತಿರುಗುತ್ತಿದ್ದ ದರ ನಿಜದಲ್ಲಿ ಶೇ. 6.25. ಸಾವಿರ ಕೊಟ್ಟವರಿಂದ ಹೋಗುತ್ತಿದ್ದುದು 28, ಅಂದರೆ ಶೇ. 2.8, ಇಪ್ಪತ್ತು ಕೊಟ್ಟವರಿಂದ ಮೂರೂವರೆ, ಅಂದರೆ ಶೇ. 17.5. ಸಣ್ಣ ದೇಣಿಗೆಯೇ ನಮ್ಮ ಬಲ ಎಂದು ಅಭ್ಯರ್ಥಿಯವರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಇಪ್ಪತ್ತರ ದೇಣಿಗೆಗಳಲ್ಲಿ ಆ ಬಲದ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ದಾರಿಯಲ್ಲೇ ಸೋರುತ್ತಿತ್ತು.

ಸಮಿತಿಯಲ್ಲಿ ಮೊದಲು ಬಂದ ಸಲಹೆ, ಕನಿಷ್ಠ ದೇಣಿಗೆಯನ್ನು 100ಕ್ಕೆ ಏರಿಸಬೇಕು ಎಂಬುದು. ನಾನು ಅದನ್ನು ವಿರೋಧಿಸಿದೆ. ಇಪ್ಪತ್ತು ಕೊಡುವವರು ಬರೀ ದಾನಿಯಲ್ಲ. ಅವರು ಮನೆಮನೆಗೆ ಕರಪತ್ರ ಹಂಚಲು ಬರುತ್ತಾರೆ, ಮತದಾನದ ದಿನ ನೆರೆಯವರನ್ನು ಕರೆದುಕೊಂಡು ಹೋಗುತ್ತಾರೆ, ಎರಡು ವಾರ ಬಿಟ್ಟು ಮತ್ತೆ ಇಪ್ಪತ್ತು ಕೊಡುತ್ತಾರೆ. ಅವರಿಗೆ ಬಾಗಿಲು ಮುಚ್ಚಿ ಶುಲ್ಕ ಉಳಿಸುವುದು ಬೀಜ ಹುರಿದು ತಿಂದಂತೆ ಎಂದು ನಾನು ವಾದಿಸಿದೆ; ಅಂದು ಸಭೆಯಲ್ಲಿ ನನಗೆ ಸಿಕ್ಕ ಬೆಂಬಲ ಅರೆಮನಸ್ಸಿನದೇ ಆಗಿತ್ತು.

ಎರಡನೆಯ ದಾರಿ ಚೌಕಾಸಿ. ಕಾರ್ಡ್ ಪಾವತಿಯ ಶುಲ್ಕದಲ್ಲಿ ಮೂರು ಪಾಲುಗಳಿರುತ್ತವೆ: ದಾನಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುವ ಇಂಟರ್‌ಚೇಂಜ್, ಕಾರ್ಡ್ ಜಾಲ ನಡೆಸುವ ಕಂಪನಿಯ ಪಾಲು, ಕೊನೆಗೆ ದಾನಿಯ ಪಾವತಿಯನ್ನು ಪಡೆದು ನಮ್ಮ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಸಂಸ್ಥೆ ಇಟ್ಟುಕೊಳ್ಳುವ ಲಾಭ. ಮೊದಲ ಎರಡರ ಮೇಲೆ ನಮ್ಮಂಥವರ ಮಾತು ನಡೆಯುವುದಿಲ್ಲ. ಅವು ಜಾಲದ ದರಪಟ್ಟಿಯಿಂದಲೋ ಸರಕಾರದ ಕಾನೂನಿನಿಂದಲೋ ನಿರ್ಧಾರವಾಗುತ್ತವೆ. ಯುರೋಪಿನ ಒಕ್ಕೂಟ 2015ರಲ್ಲಿ ಗ್ರಾಹಕರ ಡೆಬಿಟ್ ಕಾರ್ಡಿನ ಇಂಟರ್‌ಚೇಂಜನ್ನು ಶೇ. 0.2ಕ್ಕೂ ಕ್ರೆಡಿಟ್ ಕಾರ್ಡಿನದನ್ನು ಶೇ. 0.3ಕ್ಕೂ ಮಿತಿಗೊಳಿಸಿತು, ಭಾರತದಲ್ಲಿ 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳ ಮೇಲೆ ಎಂಡಿಆರ್ (ಹಣ ಪಡೆಯುವವರಿಂದ ಕಡಿತವಾಗುವ ಶುಲ್ಕ) ಎಂಬುದೇ ಇಲ್ಲ. ಅದೇ ಸಾವಿರದ ದೇಣಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮೊತ್ತ ಕಳೆದುಕೊಂಡು ಖಾತೆ ತಲುಪುವುದಕ್ಕೆ ಇದೇ ಕಾರಣ. ಹಾಗಾಗಿ ನಾವು ಜಗ್ಗಾಡಬಹುದಾದದ್ದು ಮೂರನೆಯ ಪಾಲಿನ ಮೇಲೆ ಮಾತ್ರ. ಗೇಟ್‌ವೇಯವರ ಬಳಿ ಒಂದು ವಾರ ಮಾತಾಡಿದರೂ ಶೇಕಡಾವಾರು ದರ ಕೂದಲೆಳೆಯಷ್ಟೂ ಕದಲಲಿಲ್ಲ.

ಕದಲಿದ್ದು ದರದ ರಚನೆ. ಸಣ್ಣ ಮೊತ್ತಗಳಿಗೆಂದೇ ಅವರ ಬಳಿ ಇನ್ನೊಂದು ಯೋಜನೆ ಇತ್ತು: ಶೇಕಡಾವಾರು ಪಾಲು ಇಮ್ಮಡಿ, ಅಂದರೆ 5, ನಿಗದಿತ ಮೊತ್ತ ಮಾತ್ರ 3ರ ಬದಲು 0.50. ಕೇಳದ ಹೊರತು ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ ಎರಡೂ ಯೋಜನೆಗಳು ಸರಿಸಮವಾಗುವುದು 100ರ ದೇಣಿಗೆಯಲ್ಲಿ; ಅದಕ್ಕಿಂತ ಕೆಳಗೆ ಹೊಸ ಯೋಜನೆ ಅಗ್ಗ, ಮೇಲೆ ಹಳೆಯದು. ಆದ್ದರಿಂದ ಎರಡು ಖಾತೆಗಳನ್ನು ತೆರೆದು, ದಾನಿ ತುಂಬಿದ ಮೊತ್ತವನ್ನು ನೋಡಿ ಪಾವತಿಯನ್ನು ತಾನೇ ಸರಿಯಾದ ಖಾತೆಗೆ ಕಳಿಸುವಂತೆ ಅರ್ಜಿಯನ್ನು ಬದಲಿಸಿದೆವು. ಮೊದಲ ತಿಂಗಳ ಅದೇ 1,200 ದೇಣಿಗೆಗಳನ್ನು ಈ ಜರಡಿಯಲ್ಲಿ ಹಾಯಿಸಿ ನೋಡಿದೆ: 100ಕ್ಕಿಂತ ಕಡಿಮೆಯ 1,000 ದೇಣಿಗೆಗಳ ಒಟ್ಟು ಮೊತ್ತ 36,000, ಅದರ ಮೇಲೆ ಶುಲ್ಕ 2,300, ಉಳಿದ 200 ದೇಣಿಗೆಗಳ 60,000ದ ಮೇಲೆ 2,100. ಆರು ಸಾವಿರ ಹೋಗಿದ್ದ ಕಡೆ 4,400 ಹೋಗುತ್ತಿತ್ತು. ಅಮೆರಿಕದಲ್ಲಿ 2004ರಿಂದ ನಡೆಯುತ್ತಿರುವ ಆಕ್ಟ್‌ಬ್ಲೂ ಎಂಬ ದೇಣಿಗೆ ವೇದಿಕೆಯು ನಿಗದಿತ ಮೊತ್ತವನ್ನೇ ಹೇರದೆ, ಎಷ್ಟೇ ಸಣ್ಣ ದೇಣಿಗೆಗೂ ಶೇ. 3.95 ಎಂಬ ಒಂದೇ ದರವನ್ನು ಬಹುಕಾಲ ನಡೆಸಿಕೊಂಡು ಬಂದದ್ದರ ಜಾಣತನ ನನಗೆ ಅರ್ಥವಾದದ್ದು ಆ ಸಂಜೆ.

ದೊಡ್ಡ ದೇಣಿಗೆಗಳನ್ನು ಕಾರ್ಡಿನಿಂದ ನೇರ ಬ್ಯಾಂಕ್ ವರ್ಗಾವಣೆಗೆ ತಿರುಗಿಸುವುದು ಇನ್ನೂ ಅಗ್ಗ ಎಂಬುದು ಗೊತ್ತಿದ್ದ ವಿಷಯವೇ. ಆದರೆ ಅಲ್ಲಿ ಬೇರೊಂದು ತೊಡಕಿದೆ. ಖಾತೆ ಸಂಖ್ಯೆಯನ್ನು ಹಾಗೇ ಹಂಚಿಬಿಟ್ಟರೆ ಹಣ ಬರುತ್ತದೆ, ಕೊಟ್ಟವರ ಗುರುತು ಬರುವುದಿಲ್ಲ. ಗುರುತಿಲ್ಲದ ಹಣವನ್ನು ಪ್ರಚಾರದ ಖಾತೆಯಲ್ಲಿ ಇಟ್ಟುಕೊಳ್ಳುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ. ಮೊದಲು ಹೆಸರು, ವಿಳಾಸ, ಘೋಷಣೆ ತುಂಬಿದವರಿಗೆ ಮಾತ್ರ ಒಂದು ಉಲ್ಲೇಖ ಸಂಖ್ಯೆ ಕೊಟ್ಟು, ಆ ಸಂಖ್ಯೆಯೊಂದಿಗೆ ಬಂದ ವರ್ಗಾವಣೆಯನ್ನಷ್ಟೇ ದೇಣಿಗೆಯೆಂದು ಜಮಾ ಮಾಡುವ ಪದ್ಧತಿ ಮಾಡಿಕೊಂಡೆವು. ಸಂಖ್ಯೆಯಿಲ್ಲದೆ ಬಂದದ್ದನ್ನು ಬಂದ ಖಾತೆಗೇ ಹಿಂದಿರುಗಿಸಿದೆವು.

ಇಷ್ಟರಲ್ಲಿ ಇನ್ನೊಂದು ತಪ್ಪು ಹೊರಬಿತ್ತು, ಅದು ನನ್ನದೇ. ಗೇಟ್‌ವೇ ಹಣವನ್ನು ಕಡಿತ ಮಾಡಿ ಕಂತುಗಳಲ್ಲಿ ಖಾತೆಗೆ ಹಾಕುತ್ತದೆ. ಲೆಕ್ಕ ಬರೆಯಲು ಬಂದಿದ್ದ ಸ್ವಯಂಸೇವಕ ಹುಡುಗನಿಗೆ ನಾನು ಸರಿಯಾಗಿ ಹೇಳಿಕೊಡದೆ ಇದ್ದುದರಿಂದ, ಅವನು ಬ್ಯಾಂಕಿಗೆ ಬಂದ ನಿವ್ವಳ ಮೊತ್ತವನ್ನೇ ದೇಣಿಗೆಯೆಂದು ಬರೆದಿದ್ದ. ಐವತ್ತು ಕೊಟ್ಟವರ ಹೆಸರಿನ ಮುಂದೆ 45.75 ಎಂದಿತ್ತು. ನೋಡಲು ಸಣ್ಣದೆನಿಸುವ ಈ ತಪ್ಪಿನಿಂದ ಒಂದೇ ಏಟಿಗೆ ಎರಡು ಲೆಕ್ಕ ಕೆಡುತ್ತವೆ: ದಾನಿ ಕೊಟ್ಟದ್ದು ಕಡಿಮೆಯೆಂದು ಕಾಣುತ್ತದೆ, ಪ್ರಚಾರ ಮಾಡಿದ ಖರ್ಚೂ ಕಡಿಮೆಯೆಂದು ಕಾಣುತ್ತದೆ. ದಾನಿಯ ಕೈಬಿಟ್ಟ ಪೂರ್ಣ ಮೊತ್ತವೇ ದೇಣಿಗೆ, ಕಡಿತವಾದದ್ದು ಪ್ರಚಾರದ ಖರ್ಚು. ಅಮೆರಿಕದ ಫೆಡರಲ್ ಚುನಾವಣಾ ಆಯೋಗವೂ ಶುಲ್ಕವನ್ನು ಹೀಗೆಯೇ ತೋರಿಸಲು ಹೇಳುತ್ತದೆ. ಮೂರು ರಾತ್ರಿ ಕೂತು 1,200 ಸಾಲುಗಳನ್ನೂ ತಿದ್ದಿದೆವು. ಅಲ್ಲಿಂದಾಚೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಕ್ಕಕ್ಕಿಟ್ಟು, ಗೇಟ್‌ವೇಯ ಸೆಟಲ್‌ಮೆಂಟ್ ಕಡತದಿಂದ ಒಟ್ಟು, ಕಡಿತ, ನಿವ್ವಳ ಎಂಬ ಮೂರು ಅಂಕಣಗಳನ್ನು ಪ್ರತಿದಿನ ಬೆಳಿಗ್ಗೆ ಇಳಿಸಿಕೊಂಡು, ನಿವ್ವಳವನ್ನು ಮಾತ್ರ ಬ್ಯಾಂಕಿನೊಡನೆ ತಾಳೆ ನೋಡುತ್ತಿದ್ದೆ.

"ಶುಲ್ಕವನ್ನೂ ನಾನೇ ಭರಿಸುತ್ತೇನೆ" ಎಂಬ ಚೌಕವನ್ನು ಅರ್ಜಿಯಲ್ಲಿ ಸೇರಿಸಿದಾಗ ದಾನಿಗಳು ಅಷ್ಟೊಂದು ಮಂದಿ ಅದನ್ನು ಗುರುತು ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಇದರಲ್ಲಿ ಲೆಕ್ಕದ ಒಂದು ಸೂಕ್ಷ್ಮವಿದೆ. ಹಳೆಯ ದರದಲ್ಲಿ 100ರ ಶುಲ್ಕ 5.50 ಎಂದು 105.50 ಪಡೆದರೆ ಶುಲ್ಕವು ಆ ಹೆಚ್ಚಿನ ಮೊತ್ತದ ಮೇಲೂ ಬೀಳುವುದರಿಂದ ಕೈಗೆ ಬರುವುದು 99.86, ಪೂರ್ತಿ ನೂರು ಸಿಗಬೇಕಾದರೆ ನೂರಕ್ಕೆ ನಿಗದಿತ 3 ಸೇರಿಸಿ, ಬಂದದ್ದನ್ನು 0.975ರಿಂದ ಭಾಗಿಸಿ, 105.64 ಪಡೆಯಬೇಕು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಒಬ್ಬ ವ್ಯಕ್ತಿ ಇಷ್ಟೇ ಕೊಡಬಹುದೆಂಬ ಕಾನೂನಿನ ಮಿತಿ ನಮಗಿತ್ತು, ಶುಲ್ಕಕ್ಕೆಂದು ಸೇರಿಸಿದ ಮೊತ್ತವೂ ದೇಣಿಗೆಯೇ ಆಗುತ್ತದೆ. ಮಿತಿಯ ಅಂಚಿನವರೆಗೆ ಕೊಟ್ಟ ಮೂವರು ಒಳ್ಳೆಯ ಮನಸ್ಸಿನಿಂದ ಆ ಚೌಕವನ್ನು ಒತ್ತಿ, ತಮಗೆ ತಿಳಿಯದಂತೆಯೇ ಮಿತಿ ದಾಟಿದ್ದರು. ಹೆಚ್ಚುವರಿಯನ್ನು ಹಿಂದಿರುಗಿಸಿ, ಮಿತಿಯ ಹತ್ತಿರ ಬಂದವರಿಗೆ ಆ ಚೌಕವೇ ಕಾಣದಂತೆ ಮಾಡಿದೆವು.

ಚೌಕಗಳ ಮಾತು ಬಂದಾಗ ಒಂದು ಕಹಿ ಅನುಭವವನ್ನೂ ಹೇಳಲೇಬೇಕು. "ಪ್ರತಿ ತಿಂಗಳೂ ಕೊಡುತ್ತೇನೆ" ಎಂಬುದನ್ನು ಯಾರೋ ಮೊದಲೇ ಗುರುತು ಮಾಡಿಟ್ಟರು, ಮಾಸಿಕ ದಾನಿಗಳ ಸಂಖ್ಯೆ ಏರಿತೆಂದು ಕಚೇರಿಯಲ್ಲಿ ಸಂಭ್ರಮವೂ ನಡೆಯಿತು. ಮುಂದಿನ ತಿಂಗಳು ಎರಡನೆಯ ಕಂತು ಕಡಿತವಾದಾಗ ರೀಫಂಡ್ ಕೇಳುವ ಕರೆಗಳು ಶುರುವಾದವು. ರೀಫಂಡ್ ಮಾಡಿದರೂ ಮೊದಲು ಕಟ್ಟಿದ ಶುಲ್ಕವನ್ನು ಗೇಟ್‌ವೇ ಹಿಂದಿರುಗಿಸುವುದಿಲ್ಲ. ನೂರನ್ನು ಪಡೆದು ನೂರನ್ನು ಮರಳಿಸಿದರೆ 5.50 ನಮ್ಮ ಗಂಟಿನಿಂದ ಹೋದಂತೆ. ನೈತಿಕತೆಯ ಮಾತು ಹಾಗಿರಲಿ, ಬರೀ ಲೆಕ್ಕದ ಕಣ್ಣಿಂದ ನೋಡಿದರೂ ದಾನಿಯನ್ನು ಯಾಮಾರಿಸಿ ಪಡೆದ ಹಣ ದುಬಾರಿ ಹಣ.

ರೀಫಂಡಿಗಿಂತಲೂ ದುಬಾರಿಯಾದದ್ದು ಚಾರ್ಜ್‌ಬ್ಯಾಕ್, ಅಂದರೆ ದಾನಿ ನಮ್ಮನ್ನು ಕೇಳದೆ ನೇರವಾಗಿ ತನ್ನ ಬ್ಯಾಂಕಿನಲ್ಲಿ ತಕರಾರು ಹೂಡುವುದು. ದೇಣಿಗೆಯೂ ಹೋಗುತ್ತದೆ, ಮೇಲೆ ತಕರಾರಿನ ಶುಲ್ಕ 15 ಕಡಿತವಾಗುತ್ತದೆ. ಅವು ಏಕೆ ಬರುತ್ತಿವೆ ಎಂದು ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲೇ ವಯಸ್ಸಾದ ಮಹಿಳೆಯೊಬ್ಬರು ಕಚೇರಿಗೆ ಫೋನ್ ಮಾಡಿ, "ಇದು ಯಾರಪ್ಪಾ, ಈ ಹೆಸರಿನವರಿಗೆ ನಾನು ದುಡ್ಡು ಕೊಟ್ಟೇ ಇಲ್ಲವಲ್ಲ" ಎಂದರು. ಅವರು ಓದಿ ಹೇಳಿದ ಹೆಸರು ನಮ್ಮ ಸಮಿತಿಯ ನೋಂದಾಯಿತ ಹೆಸರು. ಅದೂ ಸ್ಟೇಟ್‌ಮೆಂಟಿನ ಸಾಲಿನಲ್ಲಿ ಜಾಗ ಸಾಲದೆ ಅರ್ಧಕ್ಕೆ ತುಂಡಾಗಿತ್ತು. ಅಭ್ಯರ್ಥಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಅಭ್ಯರ್ಥಿಯ ಹೆಸರೇ ಮೊದಲು ಬರುವಂತೆ ಆ ಸಾಲನ್ನು ಗೇಟ್‌ವೇಯಲ್ಲಿ ಬದಲಿಸಲು ಹಿಡಿದದ್ದು ಹತ್ತು ನಿಮಿಷ. "ಇಂಥದ್ದಕ್ಕೆ ಹಣ ಕೊಟ್ಟಿಲ್ಲ" ಎಂಬ ತಕರಾರುಗಳು ಅಲ್ಲಿಗೆ ಬಹುಮಟ್ಟಿಗೆ ನಿಂತವು.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೊಬೈಲ್ ಬಿಡದೆ ಮಿಣುಗತೊಡಗಿತು. ತೆರೆದು ನೋಡಿದರೆ ದೇಣಿಗೆಯ ಮೇಲೆ ದೇಣಿಗೆ, ಎಲ್ಲವೂ 1ರ ಮೊತ್ತ, ದಾನಿಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು, ಬಹುಪಾಲು ತಿರಸ್ಕೃತ, ನಡುನಡುವೆ ಒಂದೊಂದು ಯಶಸ್ವಿ. ಕದ್ದ ಕಾರ್ಡ್ ಸಂಖ್ಯೆಗಳಲ್ಲಿ ಯಾವುದು ಇನ್ನೂ ಜೀವಂತವಿದೆ ಎಂದು ಪರೀಕ್ಷಿಸಲು ಕಳ್ಳರು ದೇಣಿಗೆ ಪುಟಗಳನ್ನು ಆರಿಸಿಕೊಳ್ಳುತ್ತಾರೆ, ಏಕೆಂದರೆ ಇಲ್ಲಿ ಮೊತ್ತವನ್ನು ಅವರೇ ತುಂಬಬಹುದು, ಯಾವ ವಸ್ತುವನ್ನೂ ಯಾವ ವಿಳಾಸಕ್ಕೂ ಕಳಿಸಬೇಕಾಗಿಲ್ಲ. ನಮ್ಮ ಒಪ್ಪಂದದ ಪ್ರಕಾರ ತಿರಸ್ಕೃತವಾದ ಪ್ರತಿ ಪ್ರಯತ್ನಕ್ಕೂ ಪುಡಿಗಾಸು ಶುಲ್ಕವಿತ್ತು. ಯಶಸ್ವಿಯಾದ ಪ್ರತಿಯೊಂದೂ ನಾಳೆ 15ರ ತಕರಾರಾಗಿ ಬರುವಂಥದ್ದು. ಪುಟವನ್ನು ಮುಚ್ಚಿ, ನಿಜವಾದ ಕಾರ್ಡುದಾರರು ಬ್ಯಾಂಕಿಗೆ ಹೋಗುವ ಮೊದಲೇ ಯಶಸ್ವಿಯಾದ 31 ಪಾವತಿಗಳನ್ನು ನಾವಾಗಿ ರೀಫಂಡ್ ಮಾಡಿದೆವು. ಬೆಳಿಗ್ಗೆ ಕನಿಷ್ಠ ಮೊತ್ತವನ್ನು 10ಕ್ಕೆ ನಿಗದಿ ಮಾಡಿ, ಒಂದೇ ಕಡೆಯಿಂದ ಪದೇ ಪದೇ ಬರುವ ಪ್ರಯತ್ನಗಳಿಗೆ ತಡೆ ಹಾಕಿ, ತುಂಬುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸುವ ಕ್ಯಾಪ್ಚಾ ಸೇರಿಸಿದೆವು. ದಾನಿಯ ಬ್ಯಾಂಕೇ ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ ದೃಢೀಕರಣವನ್ನೂ ಕಡ್ಡಾಯ ಮಾಡಿದೆವು. ಹಾಗೆ ದೃಢೀಕರಿಸಿದ ಪಾವತಿಯಲ್ಲಿ ವಂಚನೆಯ ತಕರಾರು ಬಂದರೆ ಅದರ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೇಲೆ ಹೋಗುತ್ತದೆ.

ಕೊನೆಯ ವಾರದಲ್ಲಿ ಶುಲ್ಕಕ್ಕಿಂತ ಹೆಚ್ಚು ಕಾಡಿದ್ದು ಕಾಲ. ಪ್ರಚಾರವೆಂಬುದು ಮತದಾನ ಮುಗಿದೊಡನೆ ಮಾಯವಾಗುವ ಗ್ರಾಹಕ ಎಂಬ ಅನುಮಾನದಿಂದ ಗೇಟ್‌ವೇ ಪ್ರತಿ ಕಂತಿನ ಶೇ. 10ನ್ನು ತಡೆಹಿಡಿದಿತ್ತು, ಉಳಿದದ್ದು ಎರಡು ಕೆಲಸದ ದಿನಗಳ ನಂತರವೇ ಖಾತೆಗೆ ಬರುತ್ತಿತ್ತು. ಮುದ್ರಣದವರೂ ವಾಹನದವರೂ ಮುಂಗಡವಿಲ್ಲದೆ ಅಲುಗುವವರಲ್ಲ. ಹಾಗಾಗಿ ಕೊನೆಯ ದೊಡ್ಡ ಮನವಿಯನ್ನು ನಾವು ಮತದಾನಕ್ಕೆ ಹತ್ತು ದಿನ ಮೊದಲೇ ಕಳಿಸಿದೆವು. ಕೊನೆಯ ಎರಡು ದಿನಗಳಲ್ಲಿ ಬಂದ ಹಣವನ್ನು ಸಾಲ ತೀರಿಸುವ ಲೆಕ್ಕಕ್ಕೆ ಬಿಟ್ಟು ಖರ್ಚಿನ ಯೋಜನೆಯಲ್ಲಿ ಸೇರಿಸಲೇ ಇಲ್ಲ.

ಚುನಾವಣೆ ಮುಗಿದ ಮೇಲೆ ಖಾತೆ ಮುಚ್ಚುವ ಆತುರ ಎಲ್ಲರಿಗೂ ಇತ್ತು. ಕಾರ್ಡ್ ಪಾವತಿಯ ಮೇಲೆ ತಕರಾರು ಹೂಡಲು ಬಹುತೇಕ ಸಂದರ್ಭಗಳಲ್ಲಿ 120 ದಿನಗಳ ಅವಕಾಶವಿರುವುದರಿಂದ, ಸಣ್ಣದೊಂದು ಮೊತ್ತವನ್ನು ಖಾತೆಯಲ್ಲೇ ಉಳಿಸಿ ಕಾಯಬೇಕೆಂದು ನಾನು ಹಟ ಹಿಡಿದೆ. ಕೊನೆಯ ತಕರಾರು 97ನೆಯ ದಿನ ಬಂತು. ದೇಣಿಗೆ 20, ಶುಲ್ಕ 15. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಉಳಿದ 23 ದಿನ ಕಾದು, ಖಾತೆ ಮುಚ್ಚಿದೆವು.